ಚಳಿಗಾಲದಲ್ಲಿ ಹಳೇ ಬೀಟಲ್ ತಗೊಂಡು ಕೊಡಗಿಗೆ ಹೋಗೋರು ಓದಿ

ಡಿಸೆಂಬರ್ ಕೊನೇಲಿ ನಮ್ಮ ಹಳೇ ಫೋಕ್ಸ್‌ವ್ಯಾಗನ್ ಬೀಟಲ್ ಕಾರಲ್ಲಿ ಬೆಂಗಳೂರಿಂದ ಮಡಿಕೇರಿ, ಅಲ್ಲಿಂದ ಭಾಗಮಂಡಲ, ತಲಕಾವೇರಿ ಅಂತ ಹೋಗ್ಬಂದ್ವಿ. ರೋಡ್ ಬಗ್ಗೆ ಎಲ್ರಿಗೂ ಗೊತ್ತು, ನಾನು ಹೇಳ್ಬೇಕಿರೋದು ಚಳಿ ಬಗ್ಗೆ.

ಇದು ಏರ್‌ಕೂಲ್ಡ್, ಅಂದ್ರೆ ಗಾಳಿಯಿಂದ ಇಂಜಿನ್ ತಣ್ಣಗಾಗೋ ಗಾಡಿ, ರೇಡಿಯೇಟರ್ ಇಲ್ಲ, ಬಿಸಿನೀರೂ ಇಲ್ಲ. ಹಿಂದಿರೋ ಇಂಜಿನ್‌ನ ಫ್ಯಾನ್ ತಳ್ಳೋ ಗಾಳಿ ಎಕ್ಸಾಸ್ಟ್ ಸುತ್ತ ಇರೋ ಹೀಟ್ ಎಕ್ಸ್‌ಚೇಂಜರ್‌ನಲ್ಲಿ ಕಾದು, ಬಾಗಿಲ ಕೆಳಗಿನ ಚಾನಲ್‌ನಲ್ಲಿ ಹಾದು ಮುಂದೆ ಬರ್ಬೇಕು, ಆ ಚಾನಲ್ ತುಕ್ಕು ಹಿಡಿದು ತೂತಾಗಿದ್ರೆ ಕಾಲ ಹತ್ರ ಬರೋ ಹೊತ್ತಿಗೆ ಬಿಸಿ ಏನೂ ಉಳಿದಿರಲ್ಲ. ಎಲ್ಲಾ ಸರಿ ಇದ್ರೂ ಆನೆಕಾಡು ದಾಟಿ ಸುಂಟಿಕೊಪ್ಪ ಕಡೆ ಏರುವಾಗ ಬೆಚ್ಚಗಿರತ್ತೆ, ತಲಕಾವೇರಿಯಿಂದ ಇಳಿಯುವಾಗ ಆಕ್ಸಿಲರೇಟರ್ ಬಿಟ್ರೆ ಸ್ವಲ್ಪ ಹೊತ್ತಲ್ಲೇ ತಣ್ಣಗಾಗತ್ತೆ.

ಅದಕ್ಕೇ ಸುಮಾರು ಜನ ಲೈಟರ್ ಸಾಕೆಟ್‌ಗೆ ಹಾಕೋ 150 ವ್ಯಾಟ್ ಹೀಟರ್ ತಗೋತಾರೆ. ಬೇಡ. ಅದು 12 ವೋಲ್ಟ್‌ನಲ್ಲಿ ಹನ್ನೆರಡು ಆಂಪ್ಸ್ ಮೇಲೆ ಎಳೆಯತ್ತೆ, ಹಳೇ ಡೈನಮೋ ಪೂರ್ತಿ ಓಡಿದ್ರೂ ಕೊಡೋದು 30 ಆಂಪ್ಸ್ ಅಷ್ಟೇ, ಮಂಜಲ್ಲಿ ಹೆಡ್‌ಲೈಟು ವೈಪರು ಎರಡೂ ಓಡ್ತಿರತ್ತೆ, ಇಷ್ಟೆಲ್ಲಾ ಆದ್ರೂ ಅಷ್ಟು ಬಿಸಿಗೆ ಕಾರೊಳಗೆ ಏನೂ ಗೊತ್ತಾಗಲ್ಲ. ಅದರ ಬದ್ಲು ಸುಮಾರು 45 ವ್ಯಾಟ್‌ನ ಸೀಟ್ ಪ್ಯಾಡ್ ಹಾಕಿ, ನಾಲ್ಕು ಆಂಪ್ಸ್‌ನಲ್ಲಿ ಬೆನ್ನು ಸೊಂಟ ಎರಡೂ ಬೆಚ್ಚಗಾಗತ್ತೆ. ಬ್ಯಾಟರಿ ಹಿಂದಿನ ಸೀಟಿನ ಕೆಳಗೇ ಇರೋದ್ರಿಂದ ಅಲ್ಲಿಂದ್ಲೇ ಫ್ಯೂಸ್ ಹಾಕಿ ವೈರ್ ಎಳೆಸಿ, ಬ್ಯಾಟರಿ ಮೇಲೆ ಮುಚ್ಚಳ ಇರ್ಲೇಬೇಕು, ಸೀಟಿನ ಸ್ಪ್ರಿಂಗ್ ಟರ್ಮಿನಲ್‌ಗೆ ತಾಗಿದ್ರೆ ಬೆಂಕಿ ಹತ್ಕೊಳ್ಳತ್ತೆ.

ಹಿಂದೆ ಕೂತಿದ್ದ ಅಮ್ಮಂಗೆ ಹೋಂಸ್ಟೇ ಆಂಟಿ ಹೊರಡೋ ಮುಂಚೆ ಹಾಟ್ ವಾಟರ್ ಬ್ಯಾಗ್‌ಗೆ ಬಿಸಿನೀರು ತುಂಬಿ ಟವಲ್ ಸುತ್ತಿ ಕೊಟ್ರು, ಅದನ್ನ ಕಾಲಡಿ ಇಟ್ಟು ಮೊಣಕಾಲಿಗೆ ಕಂಬಳಿ ಹೊದ್ದಿದ್ದಕ್ಕೆ ಭಾಗಮಂಡಲದವರೆಗೂ ಆರಾಮಾಗಿದ್ರು. ಇದಕ್ಕಿಂತ ಒಳ್ಳೆ ಐಡಿಯಾ ನಂಗೆ ಕಂಡಿಲ್ಲ.

ಡೀಸೆಲ್ ಪಾರ್ಕಿಂಗ್ ಹೀಟರ್ (ಇಂಜಿನ್ ಆಫ್ ಇದ್ರೂ ಡೀಸೆಲ್ ಉರಿಸಿ ಬಿಸಿ ಕೊಡೋದು) ಹಾಕಿಸೋದಾದ್ರೆ ಅದರ ಹೊಗೆ ಪೈಪ್ ಪೂರ್ತಿ ಹೊರಗೆ ಹೋಗ್ಬೇಕು, ಡೀಸೆಲ್‌ಗೆ ಬೇರೆ ಸಣ್ಣ ಟ್ಯಾಂಕ್ ಬೇಕು, ಗಾಡೀಲೇ ಮಲಗೋರಿಗೆ ಮಾತ್ರ ಅಷ್ಟು ಖರ್ಚು ಸರಿ. ಆದ್ರೆ ಕೆಂಡದ ಅಗ್ಗಿಷ್ಟಿಕೆ, ಕ್ಯಾಂಪಿಂಗ್ ಗ್ಯಾಸ್ ಸ್ಟವ್ ಕಾರೊಳಗೆ ದಯವಿಟ್ಟು ಬೇಡ್ವೇ ಬೇಡ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆ ಬಂದಂಗಾಗಿ ಜೀವ ಹೋಗತ್ತೆ. ಹೀಟ್ ಎಕ್ಸ್‌ಚೇಂಜರ್ ಒಡೆದಿದ್ರೂ ಅದೇ ಅಪಾಯ, ಹೊರಡೋ ಮುಂಚೆ ಮೆಕ್ಯಾನಿಕ್ ಹತ್ರ ಗಾಡಿ ಎತ್ತಿಸಿ ನೋಡಿಸಿ.

ಗಾಜಿಗೆ ಮಂಜು ಕಟ್ಟೋದು ಇನ್ನೊಂದು ತಲೆನೋವು. ಒದ್ದೆ ಮ್ಯಾಟ್, ಜರ್ಕಿನ್ ಒಳಗಿಡಬೇಡಿ, ಮುಂದಿನ ತ್ರಿಕೋನ ಕಿಟಕಿ ಎರಡು ಬೆರಳಷ್ಟು ತೆಗೆದಿಡಿ, ಚಳಿ ಬಂದ್ರೂ ಪರವಾಗಿಲ್ಲ. ಆಗ್ಲೂ ಗಾಜು ಕ್ಲಿಯರ್ ಆಗ್ಲಿಲ್ಲ ಅಂದ್ರೆ ಎಲ್ಲಾದ್ರೂ ಸೈಡಿಗೆ ಹಾಕಿ, ಬಿಸಿಲು ಬಂದ್ಮೇಲೆ ಹೊರಡಿ.