ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿದ ಆಧಾರ್

ವೈಜ್ಞಾನಿಕ ಕಥೆಗಳಲ್ಲಿ ನಮ್ಮ ಮೇಲೆ ಕಣ್ಣಿಡುವ ಯಂತ್ರ ಯಾವಾಗಲೂ ದೊಡ್ಡದು. ನೆಲಮಾಳಿಗೆಯಲ್ಲೋ ಆಕಾಶದಲ್ಲೋ ಇರುತ್ತದೆ, ಕೆಂಪು ದೀಪ ಮಿಣುಕುತ್ತದೆ, ಕೊನೆಗೆ ಯಾರೋ ಒಬ್ಬ ಅದರ ವಯರು ಕಿತ್ತು ಲೋಕ ಉಳಿಸುತ್ತಾನೆ. ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಉಪ್ಪಳ, ಮುಳ್ಳೇರಿಯದಲ್ಲಿ ನಮ್ಮ ಗುಟ್ಟು ಹೊತ್ತಿರುವ ಯಂತ್ರಕ್ಕೆ ಅಷ್ಟು ಗತ್ತಿಲ್ಲ. ಕೀಬೋರ್ಡಿನ ಸಂದಿಯಲ್ಲಿ ಧೂಳು ಕೂತ ಒಂದು ವಿಂಡೋಸ್ ಕಂಪ್ಯೂಟರ್, ಪಕ್ಕದಲ್ಲಿ ಪ್ರಿಂಟರ್, ಗೋಡೆಗೆ ಅಂಟಿಸಿದ ಅಂಗಡಿಯ ವಾಟ್ಸಾಪ್ ನಂಬರ್. ಅದರ ಡೌನ್‌ಲೋಡ್ಸ್ ಫೋಲ್ಡರ್ ತೆರೆದರೆ ಅರ್ಧ ಪಂಚಾಯತಿನ ಆಧಾರ್, ಪಾಸ್‌ಬುಕ್, ಭೂತೆರಿಗೆ ರಶೀದಿ, ಆಸ್ಪತ್ರೆಯ ಸ್ಕ್ಯಾನ್ ರಿಪೋರ್ಟ್ ಎಲ್ಲ ತಾರೀಕಿನ ಪ್ರಕಾರ ಸಾಲಾಗಿ ಕೂತಿರುತ್ತವೆ.

ಅಂಗಡಿಯವರು ಕಳ್ಳರೆಂದು ಹೇಳುತ್ತಿಲ್ಲ. ಎದುರು ಹತ್ತು ಜನ ನಿಂತಿರುವಾಗ ಒಂದೊಂದೇ ಫೈಲ್ ಅಳಿಸುತ್ತಾ ಕೂರಲು ಯಾರಿಗೆ ಪುರುಸೊತ್ತು? ಈಗ ಸರಕಾರಿ ಅರ್ಜಿ ಹಾಕಿಕೊಡುವ ಕೇರಳದ ಅಕ್ಷಯ ಕೇಂದ್ರಗಳ ಯೋಜನೆ 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಶುರುವಾದಾಗ ಇದ್ದ ಗುರಿ, ಮನೆಗೊಬ್ಬರಿಗಾದರೂ ಕಂಪ್ಯೂಟರ್ ಕಲಿಸುವುದು. ಕಲಿಸುವ ಕೆಲಸ ಹಿಂದೆ ಸರಿಯಿತು, ಅರ್ಜಿ ಹಾಕಿಕೊಡುವ ಕೆಲಸ ಮುಂದೆ ಬಂತು. ಸರಕಾರ ಕಾಗದವನ್ನೆಲ್ಲ ಆನ್‌ಲೈನ್ ಮಾಡಿದ ಮೇಲೆ ಆ ಆನ್‌ಲೈನಿಗೂ ನಮಗೂ ನಡುವೆ ಒಂದು ಬೆಂಚು, ಒಂದು ಕೌಂಟರು ಉಳಿದುಹೋಯಿತು. ನಮ್ಮ ಕಡೆ ಗೋಪ್ಯತೆ ಎನ್ನುವುದು ಹಾಳಾಗುವುದೂ ಉಳಿಯುವುದೂ ಆ ಕೌಂಟರಿನಲ್ಲಿಯೇ. ದೂರದ ಹ್ಯಾಕರನ ಮಾತು ಆಮೇಲೆ ಆಡೋಣ.

ಮೊದಲು ಪ್ರಿಂಟ್ ತೆಗೆಸುವ ವಿಚಾರ. ಅಂಗಡಿಯ ವಾಟ್ಸಾಪಿಗೆ ಫೈಲ್ ಕಳಿಸಿ, ಕಾಗದ ಕೈಗೆ ಬಂದ ಮೇಲೆ "ಡಿಲೀಟ್ ಫಾರ್ ಎವ್ರಿಒನ್" ಒತ್ತಿದರೆ ಕೆಲಸ ಮುಗಿಯಿತು ಎಂದು ತುಂಬ ಜನ ನಂಬಿದ್ದಾರೆ. ಅದು ಅಳಿಸುವುದು ಚಾಟಿನಲ್ಲಿರುವ ಸಂದೇಶವನ್ನು ಮಾತ್ರ, ಅದೂ ಕಳಿಸಿದ ಎರಡು ದಿನ ಚಿಲ್ಲರೆಯೊಳಗೆ ಒತ್ತಿದರೆ. ವಾಟ್ಸಾಪ್ ವೆಬ್‌ನಲ್ಲಿ ಪ್ರಿಂಟಿಗಾಗಿ ಇಳಿಸಿಕೊಂಡ ಪ್ರತಿ ಡೌನ್‌ಲೋಡ್ಸ್‌ನಲ್ಲಿ ಹಾಗೆಯೇ ಇರುತ್ತದೆ. ಅದನ್ನು ಅವರೇ ತೆಗೆಯಬೇಕು, ಬರೇ ಡಿಲೀಟ್ ಮಾಡಿದರೆ ರೀಸೈಕಲ್ ಬಿನ್ನಿಗೆ ಹೋಗಿ ಕೂರುತ್ತದೆ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೆ ಅಲ್ಲೂ ಕಾಣುವುದಿಲ್ಲ. "ಅಣ್ಣ, ಆ ಫೈಲನ್ನು ಶಿಫ್ಟ್ ಡಿಲೀಟ್ ಮಾಡಿ ಬಿಡಿ ಆಯ್ತಾ" ಎಂದು ಕೇಳಿದರೆ ಯಾರೂ ಮುಖ ತಿರುಗಿಸುವುದಿಲ್ಲ ಮಾರಾಯ್ರೆ. ಪರಿಚಯದವರನ್ನು ಹೀಗೆ ಕೇಳುವುದು ಸಂಶಯಪಟ್ಟ ಹಾಗೆ ಎಂಬ ನಮ್ಮ ದಾಕ್ಷಿಣ್ಯವೇ ಇಲ್ಲಿ ದೊಡ್ಡ ಅಡ್ಡಿ.

ಇದಕ್ಕಿಂತ ಮೇಲು ಪೆನ್‌ಡ್ರೈವ್, ಆದರೆ ಅದರಲ್ಲಿ ಆ ಒಂದೇ ಫೈಲ್ ಇರಬೇಕು. ಹತ್ತಾರು ಜನರ ಪೆನ್‌ಡ್ರೈವ್ ಚುಚ್ಚಿಸಿಕೊಂಡ ಕಂಪ್ಯೂಟರಿನಲ್ಲಿ ಶಾರ್ಟ್‌ಕಟ್ ವೈರಸ್ ಇರುವುದು ಮಾಮೂಲು: ಅದು ನಿಮ್ಮ ಫೈಲುಗಳನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟುಹೋಗುತ್ತದೆ. ಮನೆಯ ಫೋಟೋ, ಮಕ್ಕಳ ಮಾರ್ಕ್‌ಲಿಸ್ಟ್ ಎಲ್ಲ ತುಂಬಿದ ಪೆನ್‌ಡ್ರೈವ್ ಕೊಟ್ಟರೆ ಪಜೀತಿ. ಅಂಗಡಿಯ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ತೆರೆದೇ ಆಗಬೇಕೆಂದಿದ್ದರೆ ಮುಚ್ಚಿದೊಡನೆ ಲಾಗಿನ್ ಮರೆಯುವ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಲಾಗೌಟ್ ಮಾಡಲು ಮರೆತುಬಂದಿದ್ದರೆ ಫೋನಿನಲ್ಲಿ ಗೂಗಲ್ ಖಾತೆಯ ಸೆಕ್ಯುರಿಟಿ ಪುಟಕ್ಕೆ ಹೋಗಿ, ಯುವರ್ ಡಿವೈಸಸ್ ಎಂಬಲ್ಲಿ ಆ ಕಂಪ್ಯೂಟರನ್ನು ಹುಡುಕಿ ಸೈನ್‌ಔಟ್ ಮಾಡಬಹುದು.

ಫೋಟೋಸ್ಟಾಟ್ ಯಂತ್ರವೂ ಪೂರಾ ಮುಗ್ಧವಲ್ಲ. ಈಗಿನವು ಮೊದಲು ಸ್ಕ್ಯಾನ್ ಮಾಡಿ ಆಮೇಲೆ ಅಚ್ಚು ಹಾಕುತ್ತವೆ. ಸಣ್ಣ ಯಂತ್ರಗಳ ನೆನಪು ಸ್ವಿಚ್ ಆರಿಸಿದರೆ ಹೋಗುತ್ತದೆ, ದೊಡ್ಡವುಗಳಲ್ಲಿ ಕೆಲವಕ್ಕೆ ಹಾರ್ಡ್‌ಡಿಸ್ಕೇ ಇರುತ್ತದೆ. ಅದಕ್ಕೆ ಗಿರಾಕಿ ಮಾಡುವಂಥದ್ದೇನೂ ಇಲ್ಲ. ಮಾಡಬಹುದಾದದ್ದು, ಮಸುಕಾಗಿ ಬಂತು, ವಾರೆಯಾಗಿ ಬಂತು ಎಂದು ಬದಿಗೆಸೆದ ಹಾಳೆಯನ್ನೂ ಕೇಳಿ ತರುವುದು. ಅದು ನಾಳೆ ಕಡ್ಲೆ ಪೊಟ್ಟಣವಾಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕೀತು.

ಇನ್ನು ಪ್ರತಿಯಲ್ಲಿ ಏನಿರಬೇಕು ಎಂಬುದು. ಬರೇ ಗುರುತು ತೋರಿಸಲಿಕ್ಕೆ, ಅಂದರೆ ಲಾಡ್ಜಿಗೋ ಕೊರಿಯರಿಗೋ ಕೊಡುವುದಾದರೆ, ಹನ್ನೆರಡು ಅಂಕೆಯ ಪೂರ್ಣ ಆಧಾರ್ ಕೊಡುವ ಅಗತ್ಯವಿಲ್ಲ. ಮಾಸ್ಕ್ಡ್ ಆಧಾರ್‌ನಲ್ಲಿ ಕೊನೆಯ 4 ಅಂಕೆ ಮಾತ್ರ ಕಾಣುತ್ತದೆ. ಮೈಆಧಾರ್ ಜಾಲತಾಣಕ್ಕೆ ಆಧಾರ್ ಸಂಖ್ಯೆ, ಕ್ಯಾಪ್ಚಾ, ಒಟಿಪಿ ಕೊಟ್ಟು ಒಳಗೆ ಹೋಗಿ, ಡೌನ್‌ಲೋಡ್ ಆಧಾರ್ ಒತ್ತಿದರೆ ಮಾಸ್ಕ್ಡ್ ಬೇಕೇ ಎಂದು ಕೇಳುವ ಒಂದು ಪುಟ್ಟ ಚೌಕ ಇರುತ್ತದೆ. ಅದಕ್ಕೆ ಟಿಕ್ ಹಾಕಲು ಮರೆತರೆ ಬರುವುದು ಮಾಮೂಲು ಆಧಾರೇ. ಪಿಡಿಎಫ್ ತೆರೆಯುವ ಪಾಸ್‌ವರ್ಡ್, ಆಧಾರಿನಲ್ಲಿರುವ ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ಅಕ್ಷರ ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿ ಹುಟ್ಟಿದ ಇಸವಿ. ಇನಿಶಿಯಲ್ ಇರುವವರು ಮುಗ್ಗರಿಸುವುದು ಇಲ್ಲಿ. ಹೆಸರು ಪಿ.ಕುಮಾರ್ ಎಂದಿದ್ದರೆ ಪಿ, ಚುಕ್ಕಿ, ಕೆ, ಯು: ಚುಕ್ಕಿಯನ್ನೂ ಒಂದು ಅಕ್ಷರವೆಂದೇ ಎಣಿಸಬೇಕು. ಸಾಯಿ ಕುಮಾರ್ ಎಂದಿದ್ದರೆ ನಡುವಿನ ಖಾಲಿ ಜಾಗ ಬಿಟ್ಟು ಎಸ್, ಎ, ಐ, ಕೆ. ಮೂರೇ ಅಕ್ಷರದ ಹೆಸರಾದರೆ ಆ ಮೂರೇ.

ಈ ಪಾಸ್‌ವರ್ಡನ್ನು ಬೀಗವೆಂದು ನಂಬಿ ಫೈಲನ್ನು ಕಂಡಲ್ಲಿ ಬಿಡಬೇಡಿ. ಹೆಸರು ಊರಿಗೆಲ್ಲ ಗೊತ್ತು, ಉಳಿದದ್ದು ಇಸವಿ. ನೂರು ಸಲ ಪ್ರಯತ್ನಿಸುವುದರೊಳಗೆ ಯಾರ ಫೈಲಾದರೂ ತೆರೆದೀತು. ಮಾಸ್ಕ್ಡ್ ಪ್ರತಿಯಲ್ಲೂ ಹೆಸರು, ವಿಳಾಸ, ಹುಟ್ಟಿದ ದಿನ ಇದ್ದೇ ಇರುತ್ತದೆ. ಕ್ಯೂಆರ್ ಕೋಡಿನೊಳಗೂ ಅವೇ ವಿವರ, ಜತೆಗೆ ಫೋಟೋ. ಪೂರ್ಣ ಸಂಖ್ಯೆ ಮಾತ್ರ ಅದರಲ್ಲಿಲ್ಲ.

ಪ್ರತಿಯ ಮೇಲೆ ಯಾವ ಕೆಲಸಕ್ಕೆಂದು ಬರೆದು ಸಹಿ ಹಾಕುವ ಅಭ್ಯಾಸ ಒಳ್ಳೆಯದೇ, ಆದರೆ ಹೆಚ್ಚಿನವರು ಕೆಳಗಿನ ಖಾಲಿ ಜಾಗದಲ್ಲಿ ಬರೆಯುತ್ತಾರೆ. ಕತ್ತರಿಸಿದರೆ ಮುಗಿಯಿತು. ಅಕ್ಷರಗಳ ಮೇಲೆಯೇ ಓರೆಯಾಗಿ, ಹೆಸರು ಓದಲು ಆಗುವಷ್ಟು ಬಿಟ್ಟು, "ಹೊಸ ಸಿಮ್‌ಗೆ ಮಾತ್ರ" ಎಂದು ತಾರೀಕು ಸಮೇತ ಬರೆಯಿರಿ. ಕಪ್ಪು ಪೆನ್ನೇ ಆಗಬೇಕು. ತಿಳಿ ನೀಲಿ ಶಾಯಿ ಮರುಪ್ರತಿಯಲ್ಲಿ ಮಾಯವಾಗುತ್ತದೆ, ಸಹಿ ಇಲ್ಲದ ಶುದ್ಧ ಪ್ರತಿ ಮತ್ತೊಬ್ಬರ ಕೈಗೆ ಸಿಕ್ಕ ಹಾಗಾಗುತ್ತದೆ.

ಒಂದು ಸಂಖ್ಯೆ ಹೊರಗೆ ಹೋದರೆ ಏನು ಮಹಾ ಎನ್ನುವವರಿಗೆ ಎಇಪಿಎಸ್ ಗೊತ್ತಿರಬೇಕು. ಬ್ಯಾಂಕಿಗೆ ಹೋಗದೆ ಅಂಗಡಿಯಲ್ಲೇ ಬೆರಳಿಟ್ಟು ಹಣ ತೆಗೆಯುವ ವ್ಯವಸ್ಥೆ ಅದು. ಬೇಕಾದದ್ದು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಪಿನ್ ಇಲ್ಲ, ಒಟಿಪಿ ಇಲ್ಲ. ಒಂದು ಸಲಕ್ಕೆ ಹತ್ತು ಸಾವಿರ ರೂಪಾಯಿವರೆಗೆ ತೆಗೆಯಬಹುದು. ಆಸ್ತಿ ನೋಂದಣಿ ದಾಖಲೆಗಳಲ್ಲಿರುವ ಹೆಬ್ಬೆಟ್ಟಿನ ಗುರುತನ್ನು ಸಿಲಿಕೋನಿನಲ್ಲಿ ಅಚ್ಚು ತೆಗೆದು ಹಣ ಎತ್ತಿದ ಪ್ರಕರಣಗಳು ದೇಶದ ಬೇರೆಬೇರೆ ಕಡೆ ನಡೆದಿವೆ. ಬೆರಳು ಜೀವಂತವೋ ಎಂದು ಪರೀಕ್ಷಿಸುವ ಕ್ರಮವನ್ನು ಆಧಾರ್ ಪ್ರಾಧಿಕಾರ 2023ರಲ್ಲಿ ಬಿಗಿ ಮಾಡಿತು. ಆದರೂ ಈ ಬಗೆಯ ವಹಿವಾಟನ್ನೇ ಬಳಸದವರು ಬಾಗಿಲು ತೆರೆದಿಡುವುದು ಯಾಕೆ? ಬೇಡವೆಂದು ಬ್ಯಾಂಕಿನಲ್ಲಿ ಬರೆದುಕೊಟ್ಟರೆ ಕೆಲವು ಬ್ಯಾಂಕುಗಳು ನಿಲ್ಲಿಸಿಕೊಡುತ್ತವೆ. ಅದಕ್ಕಿಂತ ಗಟ್ಟಿ ಉಪಾಯ ಬಯೋಮೆಟ್ರಿಕ್ ಲಾಕ್.

ಮೈಆಧಾರ್‌ನಲ್ಲೋ ಆಧಾರ್ ಆಪಿನಲ್ಲೋ ಲಾಕ್ ಮಾಡಿದರೆ ಬೆರಳು, ಕಣ್ಣು, ಮುಖ ಮೂರೂ ಕೆಲಸ ಮಾಡುವುದಿಲ್ಲ, ಒಟಿಪಿ ಮಾತ್ರ ನಡೆಯುತ್ತದೆ. ಅದೇ ಪುಟದ ಹತ್ತಿರ ಆಧಾರ್ ಲಾಕ್ ಎಂಬ ಇನ್ನೊಂದು ಇದೆ. ಅದು ಸಂಖ್ಯೆಯನ್ನೇ ಮುಚ್ಚಿಬಿಡುತ್ತದೆ, ಆಮೇಲೆ ವಿಐಡಿ, ಅಂದರೆ ಆಧಾರ್ ಸಂಖ್ಯೆಯ ಬದಲಿಗೆ ಬಳಸುವ ಹದಿನಾರು ಅಂಕೆಯ ಸಂಖ್ಯೆ, ಇಲ್ಲದೆ ಒಟಿಪಿಯೂ ನಡೆಯದು, ಬಿಡಿಸಲಿಕ್ಕೂ ವಿಐಡಿಯೇ ಬೇಕು. ಹೆಸರು ಒಂದೇ ತರ ಇರುವುದರಿಂದ ಜನ ಇದನ್ನು ಒತ್ತಿ ಸಿಕ್ಕಿಬೀಳುತ್ತಾರೆ. ನಮಗೆ ಬೇಕಾದದ್ದು ಮೊದಲನೆಯದು.

ಲಾಕ್ ಮಾಡಿದ ಮೇಲೆ ಮೊದಲ ತಕರಾರು ಬರುವುದು ರೇಷನ್ ಅಂಗಡಿಯಲ್ಲಿ. ಯಂತ್ರ 330 ಎಂದು ತೋರಿಸಿದರೆ ಲಾಕ್ ಆಗಿದೆ ಎಂದರ್ಥ. 300 ಎಂದರೆ ಬೆರಳಚ್ಚು ಹೊಂದಲಿಲ್ಲ. ಅಡಿಕೆ ಸುಲಿದು ಗೆರೆ ಸವೆದ ಕೈಗಳಿಗೆ ಈ 300 ಹಳೆಯ ಗೆಳೆಯ, ಅದಕ್ಕೂ ಲಾಕಿಗೂ ಸಂಬಂಧವಿಲ್ಲ. ಅಕ್ಕಿ ತರಲು ಕಾರ್ಡಿನಲ್ಲಿ ಹೆಸರಿರುವ ಒಬ್ಬರು ಬೆರಳಿಟ್ಟರೆ ಸಾಕು. ಆದ್ದರಿಂದ ಅಂಗಡಿಗೆ ಹೋಗುವವರದ್ದು ಬಿಟ್ಟು ಮನೆಯ ಉಳಿದವರದ್ದು ಲಾಕ್ ಮಾಡಿಡಬಹುದು. ಬದುಕಿದ್ದೇವೆಂದು ಬೆರಳಿಟ್ಟು ತೋರಿಸುವ ಪಿಂಚಣಿಯ ಮಸ್ಟರಿಂಗ್‌ನಂತಹ ಕೆಲಸಕ್ಕೆ ಅವರವರ ಬೆರಳೇ ಬೇಕಾದಾಗ ತಾತ್ಕಾಲಿಕವಾಗಿ ಬಿಡಿಸಿದರೆ ಹತ್ತು ನಿಮಿಷ ತೆರೆದಿದ್ದು ತಾನಾಗಿ ಮುಚ್ಚಿಕೊಳ್ಳುತ್ತದೆ. ಸರತಿ ಬರುವ ಮೊದಲೇ ಬಿಡಿಸಿದರೆ ಹತ್ತು ನಿಮಿಷ ಬೆಂಚಿನಲ್ಲೇ ಕಳೆದುಹೋಗುತ್ತದೆ. ಹೆಸರು ಕರೆದ ಮೇಲೆ ಫೋನ್ ತೆಗೆಯಿರಿ.

ಹಣ ಹೋಯಿತೆಂದು ಕಂಡರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಆಮೇಲೆ ಬ್ಯಾಂಕಿಗೆ ಬರಹದಲ್ಲಿ ದೂರು. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ಆದ ನಷ್ಟವನ್ನು, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ಗ್ರಾಹಕನ ಮೇಲೆ ಹೊರೆಯಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು.

ಇದೆಲ್ಲ ನಿಂತಿರುವುದು ಒಂದು ಮೊಬೈಲ್ ನಂಬರಿನ ಮೇಲೆ, ಮತ್ತು ಕಾಸರಗೋಡಿನಲ್ಲಿ ಅತಿ ಬೇಗ ಸತ್ತುಹೋಗುವುದೂ ಅದೇ. ಮಂಗಳೂರಿನಲ್ಲಿ ಓದುವಾಗ ತೆಗೆದ ಸಿಮ್, ಆಮೇಲೆ ಊರಿನದ್ದು, ಆಮೇಲೆ ದುಬೈಯದ್ದು. ಗಲ್ಫಿಗೆ ಹೋದವರ ಊರಿನ ಪ್ರೀಪೇಯ್ಡ್ ನಂಬರ್ 90 ದಿನ ಬಳಸದೆ, ರೀಚಾರ್ಜೂ ಇಲ್ಲದೆ ಬಿದ್ದಿದ್ದರೆ ನಿಂತುಹೋಗಬಹುದು. ನಿಂತ ನಂಬರನ್ನು ಕಂಪನಿ ಕನಿಷ್ಠ 90 ದಿನ ಹಾಗೆಯೇ ಇಟ್ಟು ಆಮೇಲೆ ಬೇರೆಯವರಿಗೆ ಕೊಡುತ್ತದೆ. ಆಗ ನಿಮ್ಮ ಬ್ಯಾಂಕಿನ ಸಂದೇಶ, ಆಧಾರಿನ ಒಟಿಪಿ ಗುರುತೇ ಇಲ್ಲದ ಯಾರದೋ ಫೋನಿನಲ್ಲಿ ಬಡಿಯುತ್ತಿರುತ್ತದೆ. ಆಧಾರಿಗೆ ನಿಮ್ಮ ನಂಬರ್ ಜೋಡಣೆಯಾಗಿದೆಯೇ ಎಂದು ಮೈಆಧಾರ್‌ನ ವೆರಿಫೈ ಮೊಬೈಲ್ ಎಂಬಲ್ಲಿ ಲಾಗಿನ್ ಇಲ್ಲದೆಯೇ ನೋಡಬಹುದು. ಬದಲಾಯಿಸಲು ಮಾತ್ರ ಹಳೆಯ ನಂಬರ್ ಸಾಯುವ ಮೊದಲೇ ಓಡಾಡಿದರೆ ಒಳ್ಳೆಯದು. ನಿಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ತೆಗೆದಿದ್ದಾರೆಯೇ ಎಂದು ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ, ನಮ್ಮದಲ್ಲದ್ದಕ್ಕೆ "ನಾಟ್ ಮೈ ನಂಬರ್" ಒತ್ತಬಹುದು. ಒಬ್ಬರಿಗೆ 9 ಸಿಮ್ ಮಿತಿ.

ಅರ್ಜಿ ಹಾಕುವಾಗ ಮೊಬೈಲ್ ಕಾಲಮಿನಲ್ಲಿ ಅಂಗಡಿಯ ನಂಬರನ್ನೇ ತುಂಬಿಸುವ ಸುಲಭದ ದಾರಿಯೊಂದಿದೆ, ಒಟಿಪಿಗಾಗಿ ಕಾಯಬೇಕಾಗಿಲ್ಲವಲ್ಲ. ಹಾಗೆ ಮಾಡಿದರೆ ಆ ಖಾತೆ ಜನ್ಮಕ್ಕೂ ಅಂಗಡಿಯದ್ದೇ. ಡಿಜಿಲಾಕರ್ ತೆರೆದುಕೊಟ್ಟಿದ್ದರೆ ಅವರು ಹಾಕಿದ ಆರಂಕಿ ಪಿನ್ನನ್ನು ಅದೇ ದಿನ ಮನೆಗೆ ಬಂದು ಬದಲಾಯಿಸಿ.

ಕೊನೆಗೆ ಕಾನೂನಿನ ಒಂದು ವಿಷಯ, ನಮ್ಮ ಗಡಿಯವರಿಗೆ ಬೇರೆಯವರಿಗಿಂತ ಹೆಚ್ಚು ತಾಗುವಂಥದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಆಧಾರ್ ವಿರುದ್ಧ ಹಾಕಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ, 24 ಆಗಸ್ಟ್ 2017ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಉತ್ತರ ಕೊಟ್ಟಿತು: ಗೋಪ್ಯತೆ ಮೂಲಭೂತ ಹಕ್ಕು. ಮರುವರ್ಷದ ಇನ್ನೊಂದು ತೀರ್ಪು ಖಾಸಗಿ ಕಂಪನಿಗಳು ಆಧಾರ್ ಕೇಳಲು ಆಸರೆಯಾಗಿದ್ದ 57ನೇ ಸೆಕ್ಷನ್ನನ್ನು ಆ ಮಟ್ಟಿಗೆ ರದ್ದು ಮಾಡಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 5 ಮತ್ತು 6ನೇ ಸೆಕ್ಷನ್ ಪ್ರಕಾರ ನಮ್ಮ ಮಾಹಿತಿ ಕೇಳುವವರು ಯಾಕೆ ಕೇಳುತ್ತಿದ್ದೇವೆ ಎಂಬ ನೋಟೀಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದುದರಲ್ಲೋ ಓದುವ ಆಯ್ಕೆ ಕೊಡಬೇಕು. ಯಾವ ರಾಜ್ಯದಲ್ಲಿದ್ದೀರಿ ಎಂಬ ಷರತ್ತಿಲ್ಲ. ಕೇರಳದಲ್ಲಿ ಕೂತು ಕನ್ನಡದಲ್ಲಿ ಕೇಳಬಹುದು. ಭಾಷಾ ಅಲ್ಪಸಂಖ್ಯಾತರ ಹಕ್ಕು, ಆದೇಶ, ಸುತ್ತೋಲೆ ಎಂದು ವಿಲ್ಲೇಜ್ ಆಫೀಸಿನ ಮೆಟ್ಟಿಲು ಹತ್ತಿದವರಿಗೆ ಈ ವಾಕ್ಯದ ಬೆಲೆ ಗೊತ್ತು. ನಿಯಮಗಳು ನವೆಂಬರ್ 2025ರಲ್ಲಿ ಪ್ರಕಟವಾದವು. ನೋಟೀಸಿನ ಭಾಗ ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ. ಸರಕಾರ ತನಗೆ ತಾನೇ ಕೊಟ್ಟುಕೊಂಡ ವಿನಾಯಿತಿಗಳು ಸಾಕಷ್ಟಿವೆ, ಅದು ಬೇರೆ ಜಗಳ.

ಸಪ್ತಭಾಷೆಯ ಊರೆಂದು ಕಾಸರಗೋಡನ್ನು ಹೊಗಳುತ್ತೇವಲ್ಲ, ಆ ಪಟ್ಟಿಯನ್ನು ಎಂಟನೇ ಪರಿಚ್ಛೇದದ ಪಕ್ಕ ಇಟ್ಟು ನೋಡಿ. ಕನ್ನಡ, ಮಲಯಾಳ, ಮರಾಠಿ, ಉರ್ದು ಇವೆ. ಕೊಂಕಣಿ 1992ರಲ್ಲಿ ಸೇರಿತು. ತುಳು ಇಲ್ಲ, ಬ್ಯಾರಿ ಇಲ್ಲ. ಮನೆಯಲ್ಲಿ ತುಳು ಬಿಟ್ಟು ಬೇರೆ ಆಡದ ಅಜ್ಜಿಗೆ "ಐ ಅಗ್ರೀ" ಗುಂಡಿಯ ಮೇಲಿನ ಹತ್ತು ಸಾಲನ್ನು ತಿಳಿಯ ಹೇಳುವವನು, ಆ ಕಾನೂನು ಜಾರಿಯಾದ ಮೇಲೂ, ಕೌಂಟರಿನ ಆಚೆ ಕೂತ ಹುಡುಗನೇ. ಅವನು ಸಾಮಾನ್ಯವಾಗಿ ಹೇಳುವುದು ಇಷ್ಟೇ: "ದಾಲ ಇಜ್ಜಿ ಅಜ್ಜೀ, ಒಂಜಿ ಒತ್ತುಲೆ." (ಏನೂ ಇಲ್ಲ ಅಜ್ಜೀ, ಒಂದು ಒತ್ತಿ.)