ಫೈನಲ್‌ಗೆ ಬಂದದ್ದು ಎರಡು ತಂಡ, ನಾನು ಬರೆದಿಟ್ಟದ್ದು ಒಂದನ್ನು

ಕಾಸರಗೋಡಿನಲ್ಲಿ ಕನ್ನಡ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕ್ರೀಡಾ ಪುಟ ನೋಡಿಕೊಳ್ಳುವುದು ನನ್ನ ಕೆಲಸ. ನೋಡಿಕೊಳ್ಳುವುದೆಂದರೆ ಮೈದಾನಕ್ಕೆ ಹೋಗಿ ವರದಿ ಮಾಡುವುದಲ್ಲ. ಇಂಗ್ಲಿಷಿನಲ್ಲಿ ಬರುವ ಏಜೆನ್ಸಿ ಸುದ್ದಿಯನ್ನು ಕನ್ನಡಕ್ಕೆ ತಂದು, ಟಿವಿಯ ವೀಕ್ಷಕ ವಿವರಣೆಗೆ ಒಂದು ಕಿವಿ ಕೊಟ್ಟುಕೊಂಡು, ಪುಟವನ್ನು ಹೊತ್ತಿಗೆ ಸರಿಯಾಗಿ ಮುದ್ರಣಕ್ಕೆ ಬಿಡುವುದು. 2023ರ ಏಪ್ರಿಲ್ 25ರ ರಾತ್ರಿ ಈ ಕೆಲಸದಲ್ಲಿ ನಾನು ಮಾಡಿದ ಎಡವಟ್ಟನ್ನೂ ಅದಾದ ಮೇಲೆ ನನ್ನ ಕೆಲಸದ ಕ್ರಮ ಬದಲಾದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಂದು ಕಲ್ಲಿಕೋಟೆಯ ಇಎಂಎಸ್ ಕ್ರೀಡಾಂಗಣದಲ್ಲಿ ಭಾರತದ ಫುಟ್‌ಬಾಲ್ ಕ್ಲಬ್ಬುಗಳ ಸೂಪರ್ ಕಪ್ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಒಡಿಶಾ ಎಫ್‌ಸಿ ಮುಖಾಮುಖಿಯಾಗುವುದಿತ್ತು. 1977ರಲ್ಲಿ ಆರಂಭವಾದ ಫೆಡರೇಷನ್ ಕಪ್‌ನ ಜಾಗಕ್ಕೆ 2018ರಲ್ಲಿ ಬಂದದ್ದು ಈ ಸೂಪರ್ ಕಪ್. 2019ರ ನಂತರ ನಿಂತುಹೋಗಿದ್ದ ಟೂರ್ನಿ ಆ ವರ್ಷ ಮತ್ತೆ ನಡೆದಿತ್ತು, ಅದೂ ಕೇರಳದಲ್ಲಿ. ಆದರೆ ನಮ್ಮ ಡೆಸ್ಕಿಗೆ ಆ ದಿನದ ದೊಡ್ಡ ಸುದ್ದಿ ಫುಟ್‌ಬಾಲ್ ಆಗಿರಲಿಲ್ಲ. ಕೇರಳದ ಮೊದಲ ವಂದೇ ಭಾರತ್ ರೈಲಿಗೆ ಪ್ರಧಾನಿಯವರು ತಿರುವನಂತಪುರದಲ್ಲಿ ಹಸಿರು ನಿಶಾನೆ ತೋರಿಸಿದ್ದು ಅಂದೇ, ಆ ರೈಲಿನ ಕೊನೆಯ ನಿಲ್ದಾಣ ನಮ್ಮ ಕಾಸರಗೋಡು. ಮುಖಪುಟ, ಸ್ಥಳೀಯ ಪುಟ, ಫೋಟೊಗ್ರಾಫರ್ ಎಲ್ಲವೂ ರೈಲಿಗೆ ಮೀಸಲಾಗಿದ್ದವು. ಕ್ರೀಡಾ ಪುಟದತ್ತ ಎರಡನೆಯ ಕಣ್ಣು ಹಾಯಿಸಲು ಯಾರಿಗೂ ಪುರುಸೊತ್ತಿರಲಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಎರಡನೆಯ ಕಣ್ಣು ಬಿದ್ದಿದ್ದರೂ ನಾನು ಸಿದ್ಧಪಡಿಸಿದ್ದ ಪುಟ ಆ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಮಧ್ಯಾಹ್ನದಿಂದಲೇ ನಾನು ಬೆಂಗಳೂರಿನ ಕಥೆಯನ್ನು ಕಟ್ಟಿಟ್ಟಿದ್ದೆ. ಕಥೆಯೂ ಹಾಗೆಯೇ ಇತ್ತು. ಸೆಪ್ಟೆಂಬರಿನಲ್ಲಿ ಮುಂಬೈ ಸಿಟಿಯನ್ನು ಸೋಲಿಸಿ ಡುರಾಂಡ್ ಕಪ್ ಗೆದ್ದ ತಂಡ, ಮಾರ್ಚ್‌ನಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗನ್‌ಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ತಂಡ, ಈಗ ಒಂದೇ ಋತುವಿನಲ್ಲಿ ಮೂರನೆಯ ಫೈನಲ್ ಆಡುತ್ತಿದೆ. 2018ರ ಮೊದಲ ಸೂಪರ್ ಕಪ್ಪನ್ನು ಈಸ್ಟ್ ಬೆಂಗಾಲ್ ವಿರುದ್ಧ 4-1ರಿಂದ ಗೆದ್ದದ್ದೂ ಇದೇ ತಂಡ. ಇವೆಲ್ಲವನ್ನೂ ಸೇರಿಸಿ ಮುಖ್ಯ ಬರಹ, ತಂಡದ ತಾರೆ ಸುನಿಲ್ ಚೆಟ್ರಿಯ ಮೇಲೊಂದು ಬಾಕ್ಸ್, ಬೆಂಗಳೂರಿನ ಕ್ಲಬ್ಬುಗಳ ಹಿಂದಿನ ಗೆಲುವುಗಳ ಒಂದು ಪಟ್ಟಿ ಮಾಡಿದ್ದೆ. ಮೊದಲ ಫೆಡರೇಷನ್ ಕಪ್ಪನ್ನು ಎರ್ನಾಕುಳಂನಲ್ಲಿ ಮೋಹನ್ ಬಾಗನ್ನನ್ನು 1-0ಯಿಂದ ಮಣಿಸಿ ಗೆದ್ದದ್ದು ಬೆಂಗಳೂರಿನ ಐಟಿಐ (ಟೆಲಿಫೋನ್ ಕಾರ್ಖಾನೆ) ತಂಡ ಎಂಬುದನ್ನು ಹುಡುಕಿ ತೆಗೆದು ಪಟ್ಟಿಯ ಮೊದಲಿಗೆ ಇಟ್ಟಾಗ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಒಡಿಶಾಕ್ಕೆ ನಾನು ಬಿಟ್ಟದ್ದು ಕೆಳಗಿನ ಎರಡು ಪ್ಯಾರಾಗಳ ಜಾಗ ಮಾತ್ರ. ಅದನ್ನೂ ಬರೆದಿರಲಿಲ್ಲ, ಕೆಲವು ವಾರಗಳ ಹಿಂದಿನ ಏಜೆನ್ಸಿ ಸುದ್ದಿಯೊಂದನ್ನು ಅಲ್ಲಿ ಅಂಟಿಸಿಟ್ಟಿದ್ದೆ.

ಮೊದಲಾರ್ಧ ಮುಗಿಯುವ ಮೊದಲೇ ಒಡಿಶಾದ ಡಿಯೆಗೊ ಮೌರಿಸಿಯೊ ಎರಡು ಗೋಲು ಹೊಡೆದಿದ್ದ. ಮೊದಲನೆಯದು ಫ್ರೀಕಿಕ್, ಚೆಂಡು ಬೆಂಗಳೂರಿನ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅವರ ಕೈಯಿಂದ ಜಾರಿ ಬಲೆ ಸೇರಿತು. ವಿರಾಮದ ಹದಿನೈದು ನಿಮಿಷಗಳಲ್ಲಿ ನನಗೆ ಬೆವರಿಳಿದದ್ದು ಬೆಂಗಳೂರು ಹಿಂದೆ ಬಿದ್ದಿತೆಂದಲ್ಲ. ಗೆಲ್ಲುವಂತೆ ಕಾಣುತ್ತಿರುವ ತಂಡದ ಬಗ್ಗೆ ನನ್ನ ಬಳಿ ಒಂದು ವಾಕ್ಯವೂ ಇಲ್ಲವೆಂಬುದು ಆಗ ತಲೆಗೆ ಹೊಳೆಯಿತು. ಈ ಕ್ಲಬ್ ಎಲ್ಲಿಂದ ಬಂತು? ದೆಹಲಿ ಡೈನಮೋಸ್ ಎಂಬ ಹೆಸರಿನಲ್ಲಿದ್ದ ತಂಡವೇ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆದದ್ದು. ಇದಕ್ಕೂ ಮೊದಲು ದೊಡ್ಡ ಕಪ್ ಗೆದ್ದಿದೆಯೇ? ಇಲ್ಲ, ಗೆದ್ದರೆ ಇದೇ ಮೊದಲನೆಯದು. ಇಷ್ಟನ್ನು ಖಚಿತಪಡಿಸಿಕೊಳ್ಳುವಷ್ಟರಲ್ಲಿ ದ್ವಿತೀಯಾರ್ಧ ನಡೆಯುತ್ತಿತ್ತು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಚೆಟ್ರಿ ಪೆನಾಲ್ಟಿಯಲ್ಲಿ ಒಂದು ಗೋಲು ಹಿಂತಿರುಗಿಸಿದಾಗ, ನಿಜ ಹೇಳಬೇಕೆಂದರೆ, ನಾನು ಸಂತೋಷಪಟ್ಟದ್ದು ಅಭಿಮಾನದಿಂದಲ್ಲ, ಬರೆದಿಟ್ಟ ಪುಟ ಇನ್ನೂ ಉಳಿಯಬಹುದೆಂಬ ಆಸೆಯಿಂದ.

ಉಳಿಯಲಿಲ್ಲ. ಒಡಿಶಾ 2-1ರಿಂದ ಗೆದ್ದಿತು. ನಾನು ಸುದ್ದಿಯ ಮೊದಲ ಪ್ಯಾರಾ ಬದಲಾಯಿಸಿದೆ, ಅಂಕಿಗಳನ್ನು ತಿದ್ದಿದೆ, ‘ಬೆಂಗಳೂರು ಎಫ್‌ಸಿ ಕೈತಪ್ಪಿದ ಕಪ್’ ಎಂದು ಐದು ಕಾಲಂ ಶೀರ್ಷಿಕೆ ಕೊಟ್ಟು ಪುಟ ಬಿಟ್ಟೆ. ಚೆಟ್ರಿಯ ಬಾಕ್ಸ್ ಹಾಗೆಯೇ ಇತ್ತು. ಗೆದ್ದ ತಂಡದ ಹೆಸರು ಶೀರ್ಷಿಕೆಯಲ್ಲಿ ಇರಲಿಲ್ಲ.

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಕುಂಬಳೆ ಕಡೆಯ ನಿವೃತ್ತ ಮಾಷ್ಟ್ರೊಬ್ಬರು. ಒಂದು ಕಾಲದಲ್ಲಿ ತಂಡಕ್ಕೆ ಏಳೇ ಮಂದಿ ಆಡುವ ಸೆವೆನ್ಸ್ ಫುಟ್‌ಬಾಲ್ ಪಂದ್ಯಗಳಿಗೆ ರೆಫರಿಯಾಗಿ ಸೀಟಿ ಊದಿದವರು. ನಮ್ಮ ಪುಟವನ್ನು ಅಕ್ಷರ ಬಿಡದೆ ಓದುವ ಓದುಗರಲ್ಲಿ ಅವರೂ ಒಬ್ಬರು. “ಅಲ್ಲ ಮಾರಾಯ್ರೇ, ಕಪ್ ಯಾರ ಕೈ ತಪ್ಪಿತು ಅಂತ ನೀವು ಇಷ್ಟು ದೊಡ್ಡಕ್ಕೆ ಹೇಳಿದ್ದೀರಿ. ಯಾರ ಕೈಗೆ ಸಿಕ್ಕಿತು ಅಂತ ನಾನು ಕನ್ನಡಕ ಹಾಕಿ ಹುಡುಕಬೇಕಾಯಿತಲ್ಲ?” ಎಂದರು. ನಾನು ಹೂಂಗುಟ್ಟಿದೆ. ಅವರು ಬಿಡಲಿಲ್ಲ. “ಮತ್ತೆ ಕೋಚ್ ಗೊಂಬಾವ್ ಅಂತ ಬರೆದಿದ್ದೀರಲ್ಲ, ಅವರು ಹೋಗಿ ಎಷ್ಟು ದಿನವಾಯಿತು? ನಿನ್ನೆ ಬೆಂಚಿನ ಹತ್ತಿರ ನಿಂತದ್ದು ಗೋವಾದ ಕ್ಲಿಫರ್ಡ್ ಮಿರಾಂಡಾ ಅಲ್ಲವೋ?”

ಅವರ ಮಾತು ಸರಿಯಾಗಿತ್ತು. ಸ್ಪೇನಿನ ಜೋಸೆಪ್ ಗೊಂಬಾವ್ ಸೂಪರ್ ಕಪ್‌ಗೆ ಮೊದಲೇ ತಂಡ ಬಿಟ್ಟಿದ್ದರು. ಮಿರಾಂಡಾ ಹಂಗಾಮಿ ಕೋಚ್ ಆಗಿದ್ದರು. ನಾನು ಅಂಟಿಸಿಟ್ಟಿದ್ದ ಹಳೆಯ ಏಜೆನ್ಸಿ ಪ್ಯಾರಾ ಆ ಹೆಸರನ್ನು ಹೊತ್ತುಕೊಂಡೇ ಮುದ್ರಣಕ್ಕೆ ಹೋಗಿತ್ತು. ಭಾರತೀಯ ಕೋಚ್ ಒಬ್ಬರು ಹೊಸ ಕ್ಲಬ್ಬಿಗೆ ಮೊದಲ ಕಪ್ ಗೆಲ್ಲಿಸಿಕೊಟ್ಟ ಸುದ್ದಿಯೇ ಆ ರಾತ್ರಿಯ ನಿಜವಾದ ಸುದ್ದಿ. ನಮ್ಮ ಪುಟದಲ್ಲಿ ಅದು ಇರಲಿಲ್ಲ ಮಾತ್ರವಲ್ಲ, ಅದರ ಜಾಗದಲ್ಲಿ ಸುಳ್ಳು ಇತ್ತು. ಮರುದಿನ ಎರಡು ಸಾಲಿನ ತಿದ್ದುಪಡಿ ಹಾಕಿದೆವು.

ಸುದ್ದಿ ಸಂಪಾದಕರು ಬೈಯಲಿಲ್ಲ. ಪುಟವನ್ನು ಮೇಜಿನ ಮೇಲೆ ಹರಡಿ, ಕೆಂಪು ಪೆನ್ನಿನಿಂದ ‘ಒಡಿಶಾ’ ಎಂಬ ಪದ ಬಂದಲ್ಲೆಲ್ಲ ಸುತ್ತು ಹಾಕಿದರು. ಇಡೀ ಪುಟದಲ್ಲಿ ಏಳು ಸುತ್ತು. ಬೆಂಗಳೂರಿಗೆ ಸುತ್ತು ಹಾಕಲು ಹೋಗಲೇ ಇಲ್ಲ. “ಇದನ್ನು ಯಾರಿಗೆ ಬರೆದದ್ದು?” ಎಂದು ಮಾತ್ರ ಕೇಳಿದರು.

ಆ ಪ್ರಶ್ನೆ ಕಾಸರಗೋಡಿನಲ್ಲಿ ಕೇಳಿದಷ್ಟು ಸುಲಭವಲ್ಲ. ಕನ್ನಡ ಪತ್ರಿಕೆಯಾದ್ದರಿಂದ ಬೆಂಗಳೂರು ನಮ್ಮ ತಂಡ ಎಂದು ನಾನು ಯೋಚಿಸದೆಯೇ ಇಟ್ಟುಕೊಂಡಿದ್ದೆ. ಆದರೆ ನಮ್ಮ ಪತ್ರಿಕೆಯನ್ನು ಕನ್ನಡದಲ್ಲಿ ಓದುವ ಮಂಜೇಶ್ವರದ, ಮೊಗ್ರಾಲಿನ, ಬದಿಯಡ್ಕದ ಹುಡುಗರು ಹಳದಿ ಅಂಗಿ ತೊಟ್ಟು ಕೇರಳ ಬ್ಲಾಸ್ಟರ್ಸ್‌ಗೆ ಕೂಗುವವರು. ಅದೇ ವರ್ಷದ ಮಾರ್ಚ್ 3ರಂದು ಈ ಎರಡು ತಂಡಗಳ ನಡುವೆ ಬೆಂಗಳೂರಿನಲ್ಲಿ ನಡೆದ ಐಎಸ್‌ಎಲ್ ನಾಕೌಟ್ ಪಂದ್ಯದ ಹೆಚ್ಚುವರಿ ಅವಧಿಯಲ್ಲಿ, ಎದುರಾಳಿ ಸಿದ್ಧವಾಗುವ ಮೊದಲೇ ಚೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರೆಂದು ಸಿಟ್ಟಾಗಿ ಬ್ಲಾಸ್ಟರ್ಸ್ ಆಟಗಾರರು ಮೈದಾನ ಬಿಟ್ಟು ನಡೆದಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು. ಹಾಗಿರುವಾಗ ಆ ಪುಟ ನಮ್ಮ ಓದುಗರಲ್ಲಿ ಅರ್ಧದಷ್ಟು ಜನರಿಗೆ ಕುಹಕದ ನಗೆ ತರಿಸಿದ್ದರೆ ಆಶ್ಚರ್ಯವಿಲ್ಲ. ಭಾಷೆಯ ನಂಟು ಬೇರೆ, ತಂಡದ ನಂಟು ಬೇರೆ ಎಂಬುದು ಈ ಊರಿನಲ್ಲಿ ಹುಟ್ಟಿ ಬೆಳೆದ ನನಗೇ ತಿಳಿದಿರಬೇಕಿತ್ತು.

ಅಂದಿನಿಂದ ಫೈನಲ್ ಇರುವ ದಿನ ಬರೆಯುವ ಪುಸ್ತಕದ ಎದುರುಬದುರು ಎರಡು ಪುಟಗಳನ್ನು ತೆರೆದಿಡುತ್ತೇನೆ. ಎಡಕ್ಕೊಂದು ತಂಡ, ಬಲಕ್ಕೊಂದು ತಂಡ. ಎರಡಕ್ಕೂ ಅಷ್ಟೇ ಸಾಲು: ಫೈನಲ್‌ವರೆಗೆ ಬಂದ ದಾರಿ, ಹಿಂದೆ ಗೆದ್ದ ಕಪ್, ಇಂದಿನ ಕೋಚ್ ಯಾರು. ‘ಇಂದಿನ’ ಎಂಬುದರ ಕೆಳಗೆ ಗೆರೆ. ಹೆಸರನ್ನು ಹಳೆಯ ಸುದ್ದಿಯಿಂದ ಎತ್ತುವುದಿಲ್ಲ, ಅದೇ ದಿನದ ತಂಡದ ಪಟ್ಟಿಯಿಂದ ಬರೆದುಕೊಳ್ಳುತ್ತೇನೆ. ಲೀಗ್ ಪಂದ್ಯಕ್ಕೆ ಇಷ್ಟು ಬೇಕಿಲ್ಲ, ಅಲ್ಲಿ ಡ್ರಾ ಆದರೂ ಸುದ್ದಿ ನಿಲ್ಲುತ್ತದೆ. ನಾಕೌಟ್ ಫೈನಲ್ ಹಾಗಲ್ಲ. ಅಂದೇ ಇತ್ಯರ್ಥವಾಗಬೇಕು, ಇತ್ಯರ್ಥವಾಗುವವರೆಗೆ ಆಟ ಬೆಳೆಯುತ್ತದೆ. ತೊಂಬತ್ತು ನಿಮಿಷಕ್ಕೆ ಸಮವಾದರೆ ಮತ್ತೆ ಮೂವತ್ತು ನಿಮಿಷ, ಅಲ್ಲಿಯೂ ಆಗದಿದ್ದರೆ ಶೂಟೌಟ್. ಒಟ್ಟು ಮುಕ್ಕಾಲು ತಾಸಾದರೂ ಹೆಚ್ಚು. ಪುಟ ಬಿಡುವ ಸಮಯ ಮಾತ್ರ ಬೆಳೆಯುವುದಿಲ್ಲ.

2024ರ ಜನವರಿ 28ರಂದು ಈ ಕ್ರಮದ ಪರೀಕ್ಷೆಯಾಯಿತು. ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್, ಅದೇ ಒಡಿಶಾ, ಎದುರಿಗೆ ಈಸ್ಟ್ ಬೆಂಗಾಲ್. ಮೌರಿಸಿಯೊ ಗೋಲಿನಿಂದ ಒಡಿಶಾ ಮುಂದಾದಾಗ ಎಡಪುಟ. ನಂದಕುಮಾರ್ ಮತ್ತು ಸೌಲ್ ಕ್ರೆಸ್ಪೊ ಗೋಲುಗಳಿಂದ ಈಸ್ಟ್ ಬೆಂಗಾಲ್ 2-1 ಮಾಡಿದಾಗ ಬಲಪುಟ. ‘ಹನ್ನೆರಡು ವರ್ಷಗಳ ಬಳಿಕ ಈಸ್ಟ್ ಬೆಂಗಾಲ್‌ಗೆ ರಾಷ್ಟ್ರೀಯ ಕಪ್’ ಎಂಬ ಶೀರ್ಷಿಕೆ ಪುಟದಲ್ಲಿ ಕೂತಿತ್ತು, ಪುಟ ಕಟ್ಟುವ ಹುಡುಗ ಕಳುಹಿಸಲು ಬೆರಳು ಎತ್ತಿದ್ದ. ತೊಂಬತ್ತು ನಿಮಿಷದ ಮೇಲೆ ಸೇರಿಸಿದ ಸಮಯದ ಎಂಟನೆಯ ನಿಮಿಷದಲ್ಲಿ ಒಡಿಶಾಕ್ಕೆ ಪೆನಾಲ್ಟಿ ಸಿಕ್ಕಿ ಅಹ್ಮದ್ ಜಾಹು ಸಮ ಮಾಡಿದ. ನಾನು ಶೀರ್ಷಿಕೆ ತೆಗೆಸಿದೆ, ಎಡಪುಟವನ್ನು ಮತ್ತೆ ಮುಂದಕ್ಕೆಳೆದೆ. 111ನೇ ನಿಮಿಷದಲ್ಲಿ ಹಿಂದೆ ಬೆಂಗಳೂರಿಗೂ ಆಡಿದ್ದ ಕ್ಲೀಟನ್ ಸಿಲ್ವಾ ಗೋಲು ಹೊಡೆದು ಈಸ್ಟ್ ಬೆಂಗಾಲ್ 3-2 ಆದಾಗ ತೆಗೆಸಿದ್ದ ಶೀರ್ಷಿಕೆಯನ್ನೇ ಹಿಂದಕ್ಕೆ ಹಾಕಿಸಿದೆ. ಪುಟ ತಡವಾಗಿಯೇ ಹೋಯಿತು, ಮುದ್ರಣದವರಿಂದ ಎರಡು ಮಾತು ಕೇಳಿದ್ದೂ ಆಯಿತು. ಸೋತ ಒಡಿಶಾಕ್ಕೆ ಈ ಬಾರಿ ಕೋಚ್ ಸೆರ್ಜಿಯೊ ಲೊಬೆರಾ ಹೆಸರು ಸಮೇತ ಪೂರ್ತಿ ಒಂದು ಕಾಲಂ ಇತ್ತು.

ಬೆಳಿಗ್ಗೆ ಏಳೂವರೆಗೆ ಮಾಷ್ಟ್ರ ಫೋನ್. “ಪುಟ ಚೆನ್ನಾಗಿತ್ತು. ಒಂದು ಸಣ್ಣ ಸಂಶಯ. ಮೇಲೆ ಜಾಹು ಅಂತ ಉಂಟು, ಫೋಟೊದ ಕೆಳಗೆ ಜಹೌ ಅಂತ ಉಂಟು. ಇವರು ಅಣ್ಣ ತಮ್ಮಂದಿರೋ?”