ನಂದಿ ಬೆಟ್ಟ ಎಷ್ಟು ನಿಮಿಷದಲ್ಲಿ ಹತ್ತುತ್ತೀರಿ?

ನಾನು ಸೈಕಲ್ ತುಳಿಯುತ್ತೇನೆ, ಊರು ಚಿಕ್ಕಬಳ್ಳಾಪುರ ಅಂದ ತಕ್ಷಣ ಬರುವ ಪ್ರಶ್ನೆ ಒಂದೇ. "ಓ, ನಂದಿ ಪಕ್ಕದಲ್ಲೇ! ಎಷ್ಟು ನಿಮಿಷಕ್ಕೆ ಹತ್ತುತ್ತೀರಿ?" ಬೆಂಗಳೂರಿನ ಸೈಕಲ್ ಗೆಳೆಯರು ಕೇಳುತ್ತಾರೆ. ಅಂಗಡಿಗೆ ಚೈನ್ ಕೊಳ್ಳಲು ಹೋದರೆ ಅಲ್ಲೂ ಕೇಳುತ್ತಾರೆ. ಮೊನ್ನೆ ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿ ಇದನ್ನೇ ಕೇಳಿದರು. ಬಾಯಿ ಕಟ್ಟಿದ್ದು ಒಳ್ಳೇದೇ ಆಯ್ತು. ನನ್ನ ಉತ್ತರ ಸ್ವಲ್ಪ ಉದ್ದ.

ನಾನು ಬೆಟ್ಟ ಹತ್ತುವುದಿಲ್ಲ. ಸುತ್ತುತ್ತೇನೆ.

ಹತ್ತೇ ಇಲ್ಲ ಅಂತೇನಲ್ಲ. ಬುಡದಿಂದ ತುದಿಗೆ ಏಳೆಂಟು ಕಿಲೋಮೀಟರ್, 40ರಷ್ಟು ತಿರುವು, ಕೊನೆಯ ಎರಡು ಕಿಲೋಮೀಟರ್ ಪ್ರಾಣ ಹಿಂಡುವ ಏರು. ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದಲ್ಲಿ ಮುಗಿಯುತ್ತದೆ. ಮೊದಲ ಸಲ ನನಗೆ 58 ನಿಮಿಷ ಆಯ್ತು, ಅದೂ ಮೂರು ಕಡೆ ಇಳಿದು ನಿಂತು. ಆಮೇಲೆ ಹುಚ್ಚು ಹಿಡಿಯಿತು. ವಾರಕ್ಕೊಂದು ಸಲ ಹತ್ತಿ ಹತ್ತಿ 41ಕ್ಕೆ ತಂದೆ. ರೇಸಿನ ಹುಡುಗರು ಇದರ ಅರ್ಧ ಹೊತ್ತಿನಲ್ಲಿ ಹತ್ತುತ್ತಾರೆ, ಅದು ಬೇರೆ ಮಾತು. ಆ ದಿನಗಳಲ್ಲಿ ನಾನು ನೋಡಿದ್ದು ಮುಂದಿನ ಚಕ್ರ, ಅದರ ಮುಂದಿನ ಎರಡು ಗಜ ಟಾರು, ಹ್ಯಾಂಡಲ್ ಮೇಲಿನ ಮೀಟರು. ಇಷ್ಟೇ. ಶನಿವಾರ, ಭಾನುವಾರವಾದರೆ ಇದರ ಜೊತೆಗೆ ಸೂರ್ಯೋದಯ ನೋಡಲು ಬಂದ ಕಾರುಗಳ ಹೊಗೆ. ಪಾಪ, ಎಷ್ಟೋ ದಿನ ಅವರು ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದು ಮೋಡದ ಹೊಟ್ಟೆಯೊಳಗೆ ನಿಂತಿರುತ್ತಾರೆ. ಕೆಳಗೆ ಹೊಲದಲ್ಲಿ ಇರೋರಿಗೆ ಮಾತ್ರ ಸೂರ್ಯ ಚೆನ್ನಾಗಿ ಕಾಣುತ್ತಿರುತ್ತಾನೆ.

ಈ ಹುಚ್ಚು ಬಿಡಿಸಿದ್ದು ಮಳೆ. 2021ರ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ಜೋರು ಮಳೆ ಸುರಿದು ಗುಡ್ಡ ಕುಸಿಯಿತು, ಬೆಟ್ಟದ ರಸ್ತೆಯ ಒಂದು ತುಂಡೇ ಕೊಚ್ಚಿಹೋಯಿತು. ತಿಂಗಳುಗಟ್ಟಲೆ ದಾರಿ ಬಂದ್. ಹತ್ತೋ ಹಾಗಿಲ್ಲ, ಮನೆಯಲ್ಲಿ ಕೂರೋಕೆ ಮನಸ್ಸಿಲ್ಲ. ಸುಮ್ನೆ ಬುಡದ ಹಳ್ಳಿ ರಸ್ತೆಗಳಲ್ಲಿ ತಿರುಗಲು ಶುರು ಮಾಡಿದೆ. ರಸ್ತೆ ರಿಪೇರಿ ಆಗಿ ಎಲ್ಲರೂ ವಾಪಸ್ ಮೇಲೆ ಹೋದರು. ನಾನು ಕೆಳಗೇ ಉಳಿದೆ.

ಇದನ್ನು ನಾನೇನೋ ಹೊಸದಾಗಿ ಕಂಡುಹಿಡಿದೆ ಅಂದುಕೊಂಡಿದ್ದೆ. ನಮ್ಮ ಅತ್ತೆ ನಕ್ಕರು. ಆಷಾಢ ಸೋಮವಾರ ಜನ ನಂದಿ ಊರಿನ ಗುಡಿಯಿಂದ ಹೊರಟು ಇಡೀ ಬೆಟ್ಟವನ್ನು ಬರಿಗಾಲಲ್ಲಿ ಸುತ್ತಿ ಬರುತ್ತಾರೆ. ಗಿರಿ ಪ್ರದಕ್ಷಿಣೆ. ಅತ್ತೆಯೇ ಹಲವು ಸಲ ಸುತ್ತಿದ್ದಾರೆ. "ನೀನು ಚಡ್ಡಿ, ಟೋಪಿ ಹಾಕ್ಕೊಂಡು ಮಾಡಿದ್ದೇ ಹೊಸದು" ಅಂದರು.

ಹಾಗಾಗಿ ನಾನೂ ಬೆಟ್ಟವನ್ನು ಬಲಕ್ಕೆ ಇಟ್ಟುಕೊಂಡೇ ಹೋಗುತ್ತೇನೆ. ಮನೆಯಿಂದ ಮನೆಗೆ 30 ಚಿಲ್ಲರೆ ಕಿಲೋಮೀಟರ್. ಮೊದಲು ನಂದಿ ಊರು. ಭೋಗನಂದೀಶ್ವರನ ಗುಡಿಯ ಪ್ರಸ್ತಾಪ ಇರುವ ಹಳೆಯ ಶಾಸನ 806ನೇ ಇಸವಿಯದು. ಬಾಣರ ರಾಣಿ ರತ್ನಾವಳಿ ಕಟ್ಟಿಸಿದ್ದು ಅನ್ನುತ್ತಾರೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದು ಸೇರಿಸುತ್ತಾ ಹೋದರು. ಬೆಳಗ್ಗೆ ಹೊತ್ತು ಕಲ್ಯಾಣಿಯ ಮೆಟ್ಟಿಲ ಮೇಲೆ ಯಾರೂ ಇರುವುದಿಲ್ಲ. ಇಲ್ಲಿ ಅರುಣಾಚಲೇಶ್ವರ ಅಂದರೆ ಶಿವನ ಬಾಲ್ಯ, ಭೋಗನಂದೀಶ್ವರ ಅಂದರೆ ಯೌವನ. ಎಲ್ಲ ಬಿಟ್ಟು ಯೋಗಿಯಾದ ಯೋಗನಂದೀಶ್ವರನ ಗುಡಿ ಮಾತ್ರ ಬೆಟ್ಟದ ತುದಿಯಲ್ಲಿದೆ. ಹತ್ತೋರಿಗೆ ಯೋಗ. ನಾನು ಭೋಗದ ಕಡೆಯವನು ಅಂತ ಗೆಳೆಯರಿಗೆ ಹೇಳುತ್ತಿರುತ್ತೇನೆ. ಗುಡಿ ಹತ್ತಿರ ಬಿಸಿ ಇಡ್ಲಿ ಬೇರೆ ಸಿಗುತ್ತದೆ.

ಅಲ್ಲಿಂದ ಕುಡುವತಿ, ಕಾರಹಳ್ಳಿ ಕಡೆಯ ರಸ್ತೆ. ಬೆಟ್ಟ ಹತ್ತೋರು ಬಲಕ್ಕೆ ತಿರುಗಿ ಹೋಗುತ್ತಾರೆ, ನಾನು ಕೈ ಬೀಸಿ ಮುಂದಕ್ಕೆ. ಇಲ್ಲಿಂದ ಶುರು ನನ್ನ ಇಷ್ಟದ ಏರಿಳಿತ. ಒಂದು ದಿಣ್ಣೆ, ಒಂದು ತಗ್ಗು, ತಗ್ಗಿನಲ್ಲಿ ಒಂದು ಕೆರೆ ಅಥವಾ ಕೆರೆ ಇದ್ದ ಜಾಗ, ಮತ್ತೆ ದಿಣ್ಣೆ. ಇಳಿದ ವೇಗದಲ್ಲೇ ಮುಂದಿನ ದಿಣ್ಣೆಯ ಅರ್ಧ ಹತ್ತಿಬಿಡಬಹುದು, ಉಳಿದರ್ಧಕ್ಕೆ ಗೇರ್ ಇಳಿಸಬೇಕು. ಎರಡೂ ಕಡೆ ದ್ರಾಕ್ಷಿ ಚಪ್ಪರ. ಕಲ್ಲು ಕಂಬ, ಮೇಲೆ ತಂತಿ, ಅದರ ಕೆಳಗೆ ತೂಗುವ ಕಪ್ಪು ಗೊಂಚಲು. ಇದು ಬೆಂಗಳೂರು ಬ್ಲೂ. ಹೆಸರು ಬೆಂಗಳೂರಿನದು, ಬೆವರು ನಮ್ಮ ಕಡೆಯದು. ಈ ನೆಲದ ಬೆಳೆ ಅನ್ನುವ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದ್ದು 2013ರಲ್ಲಿ. ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಬೆಳೆ ಬರುತ್ತದೆ. ಹಾಗಾಗಿ ಒಂದು ತೋಟದಲ್ಲಿ ಕೊಯ್ಲು ನಡೆಯುತ್ತಿದ್ದರೆ ಪಕ್ಕದ ತೋಟ ಕತ್ತರಿ ಹಾಕಿಸಿಕೊಂಡು ಬೋಳಾಗಿ ನಿಂತಿರುತ್ತದೆ. ಕೊಯ್ಲಿನ ದಿನ ಆ ರಸ್ತೆಯಲ್ಲಿ ಸಾಗುವಾಗ ಮೂಗಿಗೆ ಬರುವ ವಾಸನೆ ಕಾರಿನೊಳಗೆ ಕೂತವರಿಗೆ ಗೊತ್ತಾಗಲ್ಲ.

ಡಿಸೆಂಬರ್, ಜನವರಿಯಲ್ಲಿ ಹುಷಾರಾಗಿರಬೇಕು. ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ಎಲ್ಲ ಟಾರಿನ ಮೇಲೆ ಹರಡಿರುತ್ತಾರೆ, ಓಡಾಡುವ ಲಾರಿ, ಬಸ್ಸುಗಳೇ ಒಕ್ಕಣೆ ಮಾಡಿಕೊಡಬೇಕು. ಬಸ್ಸಿಗೆ ಏನೂ ಆಗಲ್ಲ. ಸೈಕಲ್ಲಿಗೆ ಅದು ಐಸು. ಒಂದು ಸಲ ನಾನು ಧಿಮಾಕು ಮಾಡಿ ಹುರುಳಿ ಮೇಲೇ ಹೋದೆ. ಬಳ್ಳಿ ಹಿಂದಿನ ಡಿರೇಲರ್‌ಗೆ, ಅಂದರೆ ಗೇರ್ ಬದಲಿಸುವ ಭಾಗಕ್ಕೆ, ಸುತ್ತಿಕೊಂಡು ಚಕ್ರ ಲಾಕ್ ಆಯ್ತು, ನಾನು ಮೆಲ್ಲಗೆ ಪಕ್ಕದ ಬೇಲಿಗೆ ಒರಗಿದೆ. ಒಬ್ಬ ಅಜ್ಜಿ ಕುಡುಗೋಲು ಹಿಡಿದು ಬಂದರು. ಬಯ್ಯಲು ಬಂದರು ಅಂದುಕೊಂಡೆ. ಕೂತು, ಒಂದೊಂದೇ ನಾರು ಕುಯ್ದು ಬಿಡಿಸಿಕೊಟ್ಟರು. "ರೋಡಲ್ಲಿ ಹಾಕಿದ್ದು ನಮ್ ತಪ್ಪು. ನೋಡ್ದೆ ಬಂದಿದ್ದು ನಿನ್ ತಪ್ಪು" ಅಂದರು. ಲೆಕ್ಕ ಸರಿಯಾಗಿತ್ತು. ಆಮೇಲೆ ಬಯ್ದರು.

ಹಳ್ಳಿಯವರ ಪ್ರಶ್ನೆಗಳೇ ಬೇರೆ. ನಿಮಿಷ ಯಾರೂ ಕೇಳಲ್ಲ. "ಗಾಡಿ ಇಲ್ವಾ?" "ಎಷ್ಟು ಕೊಟ್ಟೆ ಇದಕ್ಕೆ?" ಬೆಲೆ ಹೇಳಿದರೆ ಒಂದು ಹಸು ಬರುತ್ತಿತ್ತು ಅನ್ನುತ್ತಾರೆ, ಅದಕ್ಕೆ ನಾನು ಯಾವಾಗಲೂ ಅರ್ಧ ಬೆಲೆ ಹೇಳುತ್ತೇನೆ. ಡೈರಿಗೆ ಹಾಲು ಹಾಕಿ ಬರುವವರು ಖಾಲಿ ಕ್ಯಾನ್ ಅಲ್ಲಾಡಿಸುತ್ತಾ ನನ್ನ ಜೊತೆ ಟಿವಿಎಸ್ ಓಡಿಸಿಕೊಂಡು ಬಂದು ಮಾತಾಡುತ್ತಾರೆ. ಕನ್ನಡದಲ್ಲಿ ಶುರುವಾದ ಮಾತು ಮುಂದಿನ ಊರಿಗೆ ಬರುವಷ್ಟರಲ್ಲಿ ತೆಲುಗಿಗೆ ಹೊರಳಿರುತ್ತದೆ. ನಮ್ಮ ಜಿಲ್ಲೆಯೇ ಹಾಗೆ.

ದೊಡ್ಡಬಳ್ಳಾಪುರದ ಕಡೆ ಬಂದಾಗ ಬೆಟ್ಟದ ಮುಖವೇ ಬದಲಾಗುತ್ತದೆ. ನಮ್ಮೂರಿನಿಂದ ನೋಡಿದರೆ ನಂದಿ ಅಂದರೆ ಬರೀ ಗೋಡೆ, ಕಡಿದಾದ ಬಂಡೆ. ಈ ಕಡೆ ಅದು ಕಾಲು ಚಾಚಿ ಮಲಗಿದ ಹಾಗಿದೆ. ಕಾರು ಹತ್ತುವ ರಸ್ತೆಯೂ ಹೀಗೆ ಸ್ವಲ್ಪ ಸದರ ಕೊಟ್ಟ ಕಡೆಯಿಂದಲೇ ಹೋಗಿರುವುದು. 1791ರ ಅಕ್ಟೋಬರಿನಲ್ಲಿ ಬ್ರಿಟಿಷರ ಸೈನ್ಯ ಟಿಪ್ಪುವಿನ ಈ ಕೋಟೆ ಹಿಡಿದಾಗ ಅವರಿಗೂ ಇದೇ ತೊಂದರೆ. ಮುಕ್ಕಾಲು ಸುತ್ತು ಹತ್ತಲಾಗದ ಬಂಡೆ, ಹತ್ತಬಹುದಾದ ಒಂದು ಕಡೆ ಎರಡೆರಡು ಗೋಡೆ. ಇದನ್ನು ಶಾಲೆಯಲ್ಲಿ ಓದಿದ್ದೆ. ತಲೆಗೆ ಹೋಗಿದ್ದು ಬೆಟ್ಟ ಸುತ್ತಿದ ಮೇಲೆ. ಟಿಪ್ಪು ಡ್ರಾಪ್ ಹತ್ತಿರ ನಿಂತು ಕೆಳಗೆ ಎಷ್ಟು ಬಗ್ಗಿ ನೋಡಿದರೂ ಇದು ಗೊತ್ತಾಗುವುದಿಲ್ಲ.

ಕಣಿವೆ ನಾರಾಯಣಪುರದ ಹತ್ತಿರ ಹೆಸರಿಗೆ ತಕ್ಕ ಹಾಗೆ ಗುಡ್ಡಗಳ ನಡುವೆ ನುಸುಳಬೇಕು. ಆಷಾಢದಲ್ಲಿ ಪಡುವಣ ಗಾಳಿ ಎದ್ದಾಗ ಈ ಸುತ್ತಿನ ಮಜಾ ಬೇರೆ. ಹೋಗುವಾಗ ಗಾಳಿ ಎದೆಗೆ ಒದೆಯುತ್ತದೆ, ಇಳಿಜಾರಿನಲ್ಲೂ ತುಳಿಯಬೇಕು. ಕಣಿವೆಗೆ ತಿರುಗಿದ ಮೇಲೆ ಅದೇ ಗಾಳಿ ಬೆನ್ನಿಗೆ ಕೈ ಹಾಕಿ ತಳ್ಳುತ್ತದೆ. ಎಡಕ್ಕೆ ಸ್ಕಂದಗಿರಿ, ಬಲಕ್ಕೆ ನಂದಿ, ಪೆಡಲ್ ತುಳಿಯೋದು ಮರೆತೇಹೋಗುತ್ತದೆ. ಹಾಗೇ ಮುದ್ದೇನಹಳ್ಳಿ. ಸರ್ ಎಂ. ವಿಶ್ವೇಶ್ವರಯ್ಯ 1861ರಲ್ಲಿ ಹುಟ್ಟಿದ ಮನೆ ಈಗ ಮ್ಯೂಸಿಯಂ. ಅವರು ಸಣ್ಣವರಿದ್ದಾಗ ಓದಿದ್ದು ಚಿಕ್ಕಬಳ್ಳಾಪುರದಲ್ಲಿ. ಅಷ್ಟೊಂದು ನೀರು ಕಟ್ಟಿದವರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಅರ್ಕಾವತಿ, ಪಾಲಾರ್, ಪಿನಾಕಿನಿ ಎಲ್ಲ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ, ಹುಟ್ಟಿ ಬೇರೆ ಊರಿಗೆ ಹೋಗುತ್ತವೆ. ನಮ್ಮ ಕಂದವಾರ ಕೆರೆಗೆ ಈಗ ಬರುತ್ತಿರುವುದು ಬೆಂಗಳೂರು ಬಳಸಿ, ಶುದ್ಧ ಮಾಡಿ ಕಳಿಸಿದ ನೀರು. ಬೆಳ್ಳಕ್ಕಿಗಳಿಗೆ ಅದರ ತಕರಾರಿಲ್ಲ. ನನಗೆ ಇದೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಬರೋರಿದ್ದರೆ ಎರಡು ಮಾತು. ತೆಳ್ಳಗಿನ ಟೈರ್ ಬೇಡ, 32 ಮಿಲಿಮೀಟರಿನದು ಹಾಕಿ. ಎರಡು ಟ್ಯೂಬ್ ಇಟ್ಟುಕೊಳ್ಳಿ. ಜಾಲಿ ಮುಳ್ಳಿಗೆ ನಿಮ್ಮ ಟೈರಿನ ಬೆಲೆ ಗೊತ್ತಿಲ್ಲ. ಏಳು ಗಂಟೆ ಮೇಲೆ ಜಲ್ಲಿ ಟಿಪ್ಪರ್‌ಗಳು ಶುರುವಾಗುತ್ತವೆ, ಅದಕ್ಕೆ ಮೊದಲೇ ಹೊರಟುಬಿಡಿ.

ಹೋದ ಆಷಾಢದಲ್ಲಿ ಪ್ರದಕ್ಷಿಣೆಯವರ ಜೊತೆ ಸ್ವಲ್ಪ ದೂರ ಸೈಕಲ್ ತಳ್ಳಿಕೊಂಡು ನಡೆದೆ. ಬರಿಗಾಲಲ್ಲಿದ್ದ ಒಬ್ಬ ಯಜಮಾನರು ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, "ಇದರಲ್ಲಿ ಸುತ್ತೋಕೆ ಎಷ್ಟು ಹೊತ್ತು ಹಿಡಿಯುತ್ತಪ್ಪ?" ಅಂದರು. ಇಲ್ಲೂ ಅದೇ ಪ್ರಶ್ನೆ ಬಂತಲ್ಲ ಅನ್ನಿಸಿತು. ಇಡ್ಲಿ, ಟೀ, ದ್ರಾಕ್ಷಿ, ಮಾತು ಎಲ್ಲ ಸೇರಿಸಿ ನಿಜವನ್ನೇ ಹೇಳಿದೆ. "ನಾಲ್ಕು ಗಂಟೆ."

"ಅಷ್ಟೊತ್ತಾ? ನಾವು ನಡ್ಕೊಂಡೇ ಅಷ್ಟರೊಳಗೆ ಮುಗಿಸ್ತೀವಲ್ಲೋ" ಅಂದು ಮುಂದಕ್ಕೆ ಹೋದರು.